ರೊಟ್ಟಿಯಗಲದ ಕೆಂಪು

ನನ್ನ ಕಾರು ಕೊಳ್ಳಲು ಮುದ್ದೇಬಿಹಾಳದಿಂದ ಬಂದ ಒಬ್ಬರು ಮೊದಲು ಇಂಜಿನ್ ಶುರು ಮಾಡಿ ಕಿವಿಗೊಟ್ಟು ಕೇಳಿದರು. ಟೈರುಗಳನ್ನು ಒದ್ದು ನೋಡಿದರು. ನಾಲ್ಕೂ ಬಾಗಿಲು ತೆಗೆದು ಮುಚ್ಚಿದರು. ಎಲ್ಲದಕ್ಕೂ ತಲೆಯಾಡಿಸುತ್ತ ಬಂದವರು ಕೊನೆಗೆ ಬಾನೆಟ್ಟಿನ ಮುಂದೆ ನಿಂತು ತೋರುಬೆರಳಿನಿಂದ ಅದರ ಮೇಲೊಂದು ಗೆರೆ ಎಳೆದರು. ಆ ಬೆರಳನ್ನೆತ್ತಿ ನನಗೂ ನನ್ನ ಗಂಡನಿಗೂ ತೋರಿಸಿದರು. ತುದಿಗೆ ತಿಳಿ ಗುಲಾಬಿ ಬಣ್ಣದ ಹಿಟ್ಟು ಹತ್ತಿತ್ತು.

"ಗಾಡಿ ಛಲೋ ಐತ್ರಿ ಅಕ್ಕಾರ. ಇಂಜಿನ್ ಬಗ್ಗೆ ಮಾತಾಡಂಗಿಲ್ಲ. ಆದ್ರ ಇದರ ಮಾರಿ ಹೋಗೇತ್ರಿ."

ಮುಖದ ಕಳೆಯೇ ಹೋಗಿದೆಯೆಂದು ಹೇಳಿ, ಬೆರಳನ್ನು ನಮ್ಮ ಕಾಂಪೌಂಡ್ ಗೋಡೆಗೆ ಒರೆಸಿದರು. ಅವರು ಒರಟು ಮನುಷ್ಯರಲ್ಲ. ಚಹಾ ಕುಡಿದು, ಅತ್ತೆಯವರಿಗೆ ಕೈಮುಗಿದು, "ದಸರಾ ಮುಗೀಲ್ರಿ, ಬಂದು ಒಯ್ತೇನಿ" ಎಂದು ಹೇಳಿ ಹೊರಟರು. ನನ್ನ ಗಂಡ ಗೇಟಿನವರೆಗೆ ಹೋಗಿ ಕಳಿಸಿ ಬಂದರು. ನಾನು ಅಲ್ಲೇ ನಿಂತು ಗೋಡೆಯ ಮೇಲಿನ ಆ ಗುಲಾಬಿ ಗೀಟನ್ನು ನೋಡುತ್ತಿದ್ದೆ.

ಹನ್ನೊಂದು ವರ್ಷದ ಹಿಂದೆ ಆ ಕಾರು ಮನೆಗೆ ಬಂದಾಗ ಅದು ಅಚ್ಚ ಕೆಂಪಾಗಿತ್ತು. ಆಗಷ್ಟೇ ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಕೆಂಪು. ನನ್ನ ಸಂಬಳದಿಂದ ಕೊಂಡ ಮೊದಲ ದೊಡ್ಡ ವಸ್ತು ಅದು. ನಾನು ಇಂಡಿಯಲ್ಲಿದ್ದು ತಾಂಬಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬಸ್ಸಿಗಾಗಿ ನಿಂತು, ಬಾಗಿಲಲ್ಲಿ ಜೋತಾಡಿ, ಸೆರಗು ಹರಿದುಕೊಂಡು ಹೋಗಿ ಬಂದು ಸಾಕಾಗಿ, ಮೂವತ್ತೈದು ದಾಟಿದ ಮೇಲೆ ಡ್ರೈವಿಂಗ್ ಕಲಿತೆ. ನಮ್ಮ ಓಣಿಯಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ನಾನೇ. ಶಾಲೆಯಲ್ಲಿ ಮಕ್ಕಳು ನನ್ನನ್ನು ಕೆಂಪು ಗಾಡಿ ಟೀಚರ್ ಎಂದು ಕರೆಯುತ್ತಿದ್ದರು. ರಸ್ತೆಯ ತಿರುವಿನಲ್ಲಿ ಧೂಳೆದ್ದು ಅದರ ಮುಂದೊಂದು ಕೆಂಪು ಚುಕ್ಕೆ ಕಂಡರೆ ಸಾಕು, ಬಯಲಲ್ಲಿ ಆಡುತ್ತಿದ್ದವರು ಓಡಿ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು.

ಅತ್ತೆಯವರು ಮಾತ್ರ ಮೊದಮೊದಲು ಅದರಲ್ಲಿ ಕೂರಲು ಒಪ್ಪಿರಲಿಲ್ಲ. ಕೊನೆಗೆ ಒಂದು ಶ್ರಾವಣದಲ್ಲಿ ತಾವಾಗಿಯೇ, "ಕೊಲ್ಹಾರಕ್ಕ ಕರಕೊಂಡ ಹೋಗತಿಯೇನು?" ಎಂದು ಕೇಳಿದರು. ಅವರ ತವರು ಹಳೆಯ ಕೊಲ್ಹಾರ. ಅದು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಗಿದೆ. ಸೇತುವೆಯ ಬದಿಗೆ ಕಾರು ನಿಲ್ಲಿಸಿದೆ. ಅವರು ಕೆಳಗಿಳಿದು, ನೀರಿನ ಕಡೆ ಕೈಮಾಡಿ, "ಅಲ್ಲಿತ್ತು ನಮ್ಮ ಮನಿ" ಎಂದರು. ನನಗೆ ನೀರೊಂದೇ ಕಂಡಿತು. ಮರಳುವಾಗ ಇಂಡಿ ಹತ್ತಿರ ಬಂದಾಗ, "ಛಲೋ ಹೊಡೀತಿ ಗಾಡಿ" ಎಂದರು. ನನ್ನ ಲೈಸೆನ್ಸಿಗಿಂತ ಆ ಮಾತಿಗೆ ನನ್ನಲ್ಲಿ ಬೆಲೆ ಹೆಚ್ಚು.

ಹನ್ನೊಂದು ವರ್ಷ ಶಾಲೆಯ ಬಯಲಿನಲ್ಲಿ ಬಿಸಿಲಿಗೆ ನಿಂತು, ಎರೆಮಣ್ಣಿನ ಧೂಳು ತಿಂದು, ಬೋರಿನ ಗಡಸು ನೀರಿನಲ್ಲಿ ತೊಳೆಸಿಕೊಂಡು ಆ ಬಣ್ಣ ಬಿಳುಚಿಕೊಂಡಿತು. ಬಾನೆಟ್ಟು ಮತ್ತು ಮೇಲ್ಛಾವಣಿ ಹಳೇ ಪ್ಲಾಸ್ಟಿಕ್ ಬಕೀಟಿನ ಹಾಗೆ ಕಾಣುತ್ತಿದ್ದವು. ದಿನಾ ನೋಡುತ್ತಿದ್ದ ನನಗೆ ಅದು ತಿಳಿಯಲೇ ಇಲ್ಲ. ಹೊಸ ಕಾರು ತೆಗೆದುಕೊಳ್ಳೋಣ ಎಂದು ಗಂಡ ಹೇಳಿದಾಗ ಆಗಲಿ ಎಂದಿದ್ದೆ. ಗೋಡೆಯ ಮೇಲಿನ ಗೀಟು ನೋಡಿದ ಮೇಲೆ ಮಾತ್ರ ಕಾರನ್ನು ಸುತ್ತು ಹಾಕಿ ಮತ್ತೊಮ್ಮೆ ನೋಡಿದೆ.

ದಸರಾ ರಜೆ ಶುರುವಾದ ದಿನ ವಿಜಯಪುರಕ್ಕೆ ಹೋಗಿ ಸಾಮಾನು ತಂದೆ. ಬಣ್ಣಕ್ಕೆ ತಿಕ್ಕುವ ಬಿಳಿ ಲೇಪ ‘ರಬ್ಬಿಂಗ್ ಕಾಂಪೌಂಡ್’ ಒಂದು ಡಬ್ಬಿ, ಒಂದು ಬಾಟಲಿ ಪಾಲಿಶ್, ಒಂದು ಡಬ್ಬಿ ಮೇಣ, ಸ್ಪಂಜಿನ ಬಿಲ್ಲೆಗಳು, ಮೆತ್ತನೆಯ ಬಟ್ಟೆಗಳು, ಅಂಟುಪಟ್ಟಿ. ಫೋನಿನಲ್ಲಿ ಎಷ್ಟೋ ವಿಡಿಯೊ ನೋಡಿ ನೋಟ್‌ಬುಕ್ಕಿನಲ್ಲಿ ಪಾಠದ ಟಿಪ್ಪಣಿಯ ಹಾಗೆ ಬರೆದುಕೊಂಡಿದ್ದೆ. ಗಂಡ ಚೀಲದೊಳಗೆ ಇಣುಕಿದರು. ಅವರು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವವರು. ಯಾವುದನ್ನೂ ಕಾರಣವಿಲ್ಲದೆ ಮಾಡುವ ಅಭ್ಯಾಸ ಅವರಿಗಿಲ್ಲ.

"ಮಾರೂ ಗಾಡಿಗೆ ಇಷ್ಟ್ಯಾಕ ಕಷ್ಟ?"

"ಕೊಡೂದಾದ್ರ ಕೊಡೋಣ್ರಿ. ಆದ್ರ ಮಾರಿ ಹೋದ ಗಾಡಿ ಅಂತ ಅನ್ನಿಸಿಕೊಂಡು ಕಳಸಂಗಿಲ್ಲ ನಾ."

ಅವರು ನಕ್ಕು ಚೀಲವನ್ನು ಪೋರ್ಚಿಗೆ ಒಯ್ದಿಟ್ಟರು.

ಮರುದಿನ ಬೆಳಗ್ಗೆ ಕಾರನ್ನು ಪೋರ್ಚಿನ ನೆರಳಿಗೆ ತಂದು ನಿಲ್ಲಿಸಿದೆ. ಬಿಸಿಲಲ್ಲಿ ಈ ಕೆಲಸ ಮಾಡಬಾರದು, ಹಚ್ಚಿದ್ದು ತಟ್ಟನೆ ಒಣಗಿ ಕೂತುಬಿಡುತ್ತದೆ ಎಂದು ಟಿಪ್ಪಣಿಯಲ್ಲಿತ್ತು. ಎರಡು ಬಕೀಟು ಇಟ್ಟುಕೊಂಡು ಶಾಂಪೂ ಹಾಕಿ ತೊಳೆದೆ. ಕೊನೆಯ ನೀರಿಗೆ ಬೋರಿನ ನೀರು ಬೇಡವೆಂದು ಅಡುಗೆಮನೆಯಿಂದ ಕುಡಿಯುವ ನೀರಿನ ಕ್ಯಾನು ಎತ್ತಿಕೊಂಡು ಬಂದೆ. ಬಾಗಿಲಲ್ಲಿ ಕೂತಿದ್ದ ಅತ್ತೆ ಹೌಹಾರಿದರು.

"ಕುಡಿಯೂ ನೀರಿಲೆ ಗಾಡಿ ತೊಳೀತಿ?"

"ಬೋರಿನ ನೀರಿಗೆ ಬಿಳೇ ಕಲಿ ಬೀಳತಾವ್ರಿ ಅತ್ತಿ."

"ನಾವು ಅದ ಬೋರಿನ ನೀರಾಗ ಜಳಕಾ ಮಾಡ್ತೇವಿ. ನಮಗೇನ ಕಲಿ ಬಿದ್ದಾವ?"

ಆದರೂ ನೀರು ಹಾಕಿದೆ.

ತೊಳೆದು ಒರೆಸಿದ ಮೇಲೆ ಕಾರು ಒಂದು ನಿಮಿಷ ಕೆಂಪಾಗಿ ಕಂಡು, ಒಣಗುತ್ತಿದ್ದಂತೆ ಮತ್ತೆ ಗುಲಾಬಿಗೆ ತಿರುಗಿತು. ಬಾನೆಟ್ಟಿನ ಒಂದು ಬದಿಗೆ ಅಂಟುಪಟ್ಟಿಯಿಂದ ಚೌಕ ಕಟ್ಟಿದೆ. ಒಂದು ಜೋಳದ ರೊಟ್ಟಿ ಇಟ್ಟರೆ ತುಂಬುವಷ್ಟು ಜಾಗ. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ ನೋಡಬೇಕು ಎಂಬುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಲ್ಯಾಬಿನಲ್ಲಿ ಅದನ್ನೇ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಸ್ಪಂಜಿಗೆ ಅವರೆಕಾಳಿನಷ್ಟು ಕಾಂಪೌಂಡ್ ಹಚ್ಚಿಕೊಂಡು ಸುತ್ತು ಸುತ್ತಾಗಿ ತಿಕ್ಕತೊಡಗಿದೆ. ಹತ್ತು ಸುತ್ತು ಬಂದಿರಬಹುದು. ಬಿಳಿ ಕಾಂಪೌಂಡು ಕೆಂಪಾಗಿತ್ತು. ಸ್ಪಂಜು ತಿರುಗಿಸಿ ನೋಡಿದೆ. ಅದೂ ಕೆಂಪು. ಬಟ್ಟೆಯಿಂದ ಒಂದು ಕಡೆ ಒರೆಸಿದೆ. ಬಟ್ಟೆಯೂ ಕೆಂಪು.

ಕೈ ಅಲ್ಲಿಗೇ ನಿಂತಿತು. ಬಣ್ಣವೇ ಕಿತ್ತು ಬರುತ್ತಿದೆ. ಹನ್ನೊಂದು ವರ್ಷ ಉಳಿದಿದ್ದನ್ನು ಹತ್ತು ಸುತ್ತಿನಲ್ಲಿ ತೆಗೆದೆ ಎನ್ನಿಸಿತು. ಯಾವ ವಿಡಿಯೊದಲ್ಲೂ ಬಟ್ಟೆಗೆ ಬಣ್ಣ ಹತ್ತಿದ್ದನ್ನು ನಾನು ನೋಡಿರಲಿಲ್ಲ. ಗಂಡ ಕಚೇರಿಗೆ ಹೋಗಿದ್ದರು. ಆ ಬಟ್ಟೆಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಕೈ ಸಹ ತೊಳೆಯದೆ, ಸಿಂದಗಿ ರಸ್ತೆಯಲ್ಲಿ ಟ್ರ್ಯಾಕ್ಟರ್, ಲಾರಿಗಳಿಗೆ ಬಣ್ಣ ಹೊಡೆಯುವ ಚಾಚಾನ ಶೆಡ್ಡಿಗೆ ನಡೆದೆ.

ಚಾಚಾ ಎಪ್ಪತ್ತರ ಹತ್ತಿರದವರು. ಅವರ ಮೊಮ್ಮಕ್ಕಳಿಬ್ಬರು ನನ್ನ ವಿದ್ಯಾರ್ಥಿಗಳಾಗಿದ್ದವರು. ಒಂದು ಟ್ರಾಲಿಯ ಹಿಂಬದಿಗೆ ಹೂವಿನ ಬಳ್ಳಿ ಬರೆಯುತ್ತಿದ್ದರು. ನಾನು ಚೀಲ ತೆರೆದು ಬಟ್ಟೆ ತೋರಿಸಿದೆ, ಡಾಕ್ಟರಿಗೆ ತೋರಿಸುವ ಹಾಗೆ.

"ಏನಾತ ಬೇಟಿ? ಯಾರಿಗೆ ಪೆಟ್ಟು ಹತ್ತಿತು?"

"ಯಾರಿಗೂ ಇಲ್ಲ ಚಾಚಾ. ಗಾಡೀದು. ತಿಕ್ಕಿದ್ರ ಬಣ್ಣ ಕಿತ್ತು ಬರಾಕತ್ತೈತಿ."

ಅವರು ಬಟ್ಟೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಬೆರಳಲ್ಲಿ ಹೊಸಕಿದರು. ಮೂಗಿನ ಹತ್ತಿರ ಒಯ್ದರು. ಆಮೇಲೆ ನಕ್ಕರು.

"ಇದು ಸತ್ತ ಬಣ್ಣ. ನಿನ್ನ ಗಾಡೀ ಬಣ್ಣದ ಮ್ಯಾಲ ಗಾಜಿನಂಥಾ ಪದರ ಇಲ್ಲ, ಬರೇ ಬಣ್ಣ ಅಷ್ಟ. ಬಿಸಿಲಿಗೆ ಮ್ಯಾಲಿಂದು ಸತ್ತು ಹಿಟ್ಟಾಗೇತಿ. ಅದು ಬರಬೇಕು. ಬರಲಿಲ್ಲಂದ್ರ ನೀ ತಿಕ್ಕೇ ಇಲ್ಲ ಅಂದಂಗ."

"ಕೆಳಗೇನೈತಿ ಹಂಗಂದ್ರ?"

"ಕೆಳಗ ಜೀವಂತ ಐತಿ. ಹೋಗು, ನೋಡು." ಕುಂಚವನ್ನು ಎತ್ತಿಕೊಂಡವರು ಮತ್ತೆ ಕರೆದರು. "ಅಂಚಿಗೆ ಮಾತ್ರ ಕೈ ಹಗುರ ಇರ್ಲಿ. ಅಲ್ಲಿ ಬಣ್ಣ ತೆಳ್ಳಗಿರತೈತಿ."

ನಾನು ಬಂದದ್ದಕ್ಕಿಂತ ಬೇಗ ಮನೆಗೆ ಹೋದೆ. ಅಷ್ಟರಲ್ಲಿ ಹಚ್ಚಿದ ಕಾಂಪೌಂಡು ಒಣಗಿ ಪುಡಿಯಾಗಿತ್ತು. ಅದೇ ಬಟ್ಟೆಯಿಂದ ಒರೆಸಿದೆ. ಬಣ್ಣವೇನೋ ಸ್ವಲ್ಪ ಗಾಢವಾಗಿತ್ತು, ಆದರೆ ಮೇಲೆ ಮಬ್ಬು. ಚಳಿಗಾಲದಲ್ಲಿ ಕನ್ನಡಕದ ಮೇಲೆ ಉಸಿರು ಬಿಟ್ಟಂತೆ. ಒರೆಸಿದಷ್ಟೂ ಆ ಮಬ್ಬು ಅಲ್ಲಿಂದಿಲ್ಲಿಗೆ ಸರಿಯಿತೇ ಹೊರತು ಹೋಗಲಿಲ್ಲ. ಇದಕ್ಕಾ ಇಷ್ಟು ಓಡಾಡಿದ್ದು ಎಂದು ಬೇಸರ ಬಂತು.

ಬಾಗಿಲಲ್ಲಿ ಕೂತಿದ್ದ ಅತ್ತೆ ತಮ್ಮ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ವಿಭೂತಿ ಹಚ್ಚಿ ಉಜ್ಜುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಪ್ರತಿ ಸೋಮವಾರ ಅವರು ಕೊರಳಿನ ಆ ಕರಡಿಗೆ ಬಿಚ್ಚಿ ಉಜ್ಜುವುದನ್ನು ನೋಡುತ್ತಿದ್ದೇನೆ. ಹೇಗೆ ಉಜ್ಜುತ್ತಾರೆ ಎಂದು ಮಾತ್ರ ಒಂದು ದಿನವೂ ನೋಡಿರಲಿಲ್ಲ.

"ಯವ್ವಾ, ಸಾಲಿ ಕಲ್ತಾಕಿ ಅದೀ. ಅದ ಅರಿವಿಲೆ ತಿಕ್ಕಿ ಅದ ಅರಿವಿಲೆ ಒರಸ್ತಾರೇನ?"

"ಮತ್ತೇನ ಮಾಡ್ಬೇಕ್ರಿ?"

"ತೆಗೆದ ಹೊಲಸು ತಿರುಗಿ ಹತ್ತಾಕತ್ತೈತಿ. ತಿಕ್ಕೂ ಅರಿವಿ ಬ್ಯಾರೆ, ಒರಸೂ ಅರಿವಿ ಬ್ಯಾರೆ, ಹೊಳಪ ತರೂ ಅರಿವಿ ಬ್ಯಾರೆ. ಮೂರು ಬೇಕು. ಮತ್ತ ಅಷ್ಟ್ಯಾಕ ಒತ್ತತೀ? ಕಡೀಕ ಕೈ ಬರೇ ತಾಗಬೇಕು."

ಅವರ ತೊಡೆಯ ಮೇಲೆ ನಿಜಕ್ಕೂ ಮೂರು ಬಟ್ಟೆ ತುಂಡುಗಳಿದ್ದವು. ಮೂರೂ ಹಳೇ ಇಳಕಲ್ ಸೀರೆಯವು, ಒಂದು ಕರ್ರಗಾಗಿತ್ತು, ಒಂದು ಬೂದು, ಮತ್ತೊಂದು ಸ್ವಚ್ಛ.

ಒಳಗೆ ಹೋಗಿ ಹೊಸ ಬಟ್ಟೆ ತಂದೆ. ಮತ್ತೊಮ್ಮೆ ಕಾಂಪೌಂಡ್ ಹಚ್ಚಿ, ಒಣಗಲು ಬಿಡದೆ ಸುತ್ತು ಸುತ್ತಾಗಿ ತಿಕ್ಕಿ, ಎರಡನೆಯ ಬಟ್ಟೆಯಿಂದ ತೆಗೆದೆ. ಪಾಲಿಶ್ ಹಚ್ಚಿದೆ. ಮೂರನೆಯದನ್ನು ನಾಲ್ಕು ಮಡಿಕೆ ಮಾಡಿ, ಮಲಗಿದ ಕೂಸಿನ ತಲೆ ಸವರುವಷ್ಟು ಹಗುರವಾಗಿ ಆಡಿಸಿದೆ. ಅಂಟುಪಟ್ಟಿ ಎಳೆದು ತೆಗೆದೆ.

ಅಲ್ಲಿತ್ತು. ಒಂದು ರೊಟ್ಟಿಯಗಲದ ಕೆಂಪು. ಕೊಂಡು ತಂದ ದಿನದ ಅದೇ ಮೆಣಸಿನಕಾಯಿ ಕೆಂಪು, ಸುತ್ತ ಬಿಳುಚಿದ ಗುಲಾಬಿಯ ನಡುವೆ ನೇರ ಗೆರೆ ಹೊಡೆದ ಚೌಕವಾಗಿ. ಬಗ್ಗಿ ನೋಡಿದೆ. ಅದರೊಳಗೆ ಪೋರ್ಚಿನಾಚೆಯ ಬೇವಿನ ಟೊಂಗೆ ಇತ್ತು, ಎಲೆ ಎಲೆಯಾಗಿ. ಟೊಂಗೆಯ ಕೆಳಗೆ ಹಣೆಯ ಬೆವರಿಗೆ ಕುಂಕುಮ ಇಳಿದ ಒಬ್ಬ ಹೆಂಗಸು ಹಲ್ಲು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

ನುಣುಪಾದ ಮೇಲ್ಮೈ ಬೆಳಕನ್ನು ನೇರವಾಗಿ ಮರಳಿಸುತ್ತದೆ, ಒರಟಾದದ್ದು ಚೆದುರಿಸುತ್ತದೆ. ಈ ಪಾಠವನ್ನು ಪ್ರತಿ ವರ್ಷ ಮಾಡಿದ್ದೇನೆ, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಕಾಗದ ಹಿಡಿದು. ಆ ಒರಟನ್ನು ನನ್ನ ಕೈಯಾರೆ ನುಣುಪಾಗಿಸಿ, ಬೆಳಕು ದಾರಿ ಬದಲಿಸಿದ್ದನ್ನು ಕಣ್ಣಾರೆ ಕಂಡದ್ದು ಮಾತ್ರ ಅದೇ ಮೊದಲು.

"ಅತ್ತೀ, ಬರ್ರಿ ಇಲ್ಲಿ! ಲಗೂನ ಬರ್ರಿ!"

ಅವರು ಮೊಣಕಾಲು ಹಿಡಿದುಕೊಂಡು ಎದ್ದು ಬಂದರು. ಬಹಳ ಹೊತ್ತು ನೋಡಿದರು. ಹೊಗಳಲಿಲ್ಲ. "ಇನ್ನ ಇಡೀ ಗಾಡಿ ಐತಲ್ಲ" ಎಂದು ಹೇಳಿ, ತಮ್ಮ ಸ್ವಚ್ಛ ಬಟ್ಟೆಯ ತುಂಡನ್ನು ನನ್ನ ಕೈಯಲ್ಲಿಟ್ಟು ಒಳಗೆ ಹೋದರು.

ಸಂಜೆ ಗಂಡ ಬಂದಾಗ ಅರ್ಧ ಬಾನೆಟ್ಟು ಮುಗಿದಿತ್ತು. ಬೇಕೆಂದೇ ನಡುವಿನ ಅಂಟುಪಟ್ಟಿ ತೆಗೆದು, ಒಂದು ಬದಿ ಹಳತು, ಇನ್ನೊಂದು ಬದಿ ಹೊಸತು ಕಾಣುವಂತೆ ಬಿಟ್ಟಿದ್ದೆ. ಅವರು ಸ್ಕೂಟರ್ ಸ್ಟ್ಯಾಂಡ್ ಹಾಕುವುದನ್ನು ಮರೆತು ಅದನ್ನು ಹಿಡಿದುಕೊಂಡೇ ನಿಂತರು.

"ಇದು... ಅದ ಗಾಡಿ?"

"ಅದಾ ರೀ."

"ನೀ ಒಬ್ಬಾಕೀನ ಮಾಡಿದಿ?"

"ನಾನೂ ಅತ್ತೀನೂ."

ಅವರು ಬಾನೆಟ್ಟಿನ ಆ ಬದಿಯನ್ನೊಮ್ಮೆ ಈ ಬದಿಯನ್ನೊಮ್ಮೆ ಮುಟ್ಟಿ ನೋಡಿದರು. ಚಹಾ ಕುಡಿಯುವಾಗಲೂ ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು. ಮರುದಿನ ಬೆಳಗ್ಗೆ ನಾನು ರೊಟ್ಟಿ ಬಡಿದು ಹೊರಗೆ ಬರುವಷ್ಟರಲ್ಲಿ ಲುಂಗಿ ಎತ್ತಿ ಕಟ್ಟಿ, ಸ್ಟೂಲಿನ ಮೇಲೆ ನಿಂತು, ಮೇಲ್ಛಾವಣಿಗೆ ಅಂಟುಪಟ್ಟಿ ಹಚ್ಚುತ್ತಿದ್ದರು. ನನಗೆ ಎಟುಕದ ಜಾಗ ಅದೊಂದೇ.

"ರಜಾ ಹಾಕೇನಿ" ಎಂದರು, ನಾನು ಕೇಳದಿದ್ದರೂ.

ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದು ಹೇಳಿದರೆ ಸುಳ್ಳಾದೀತು. ಎರಡನೆಯ ದಿನ ಮಧ್ಯಾಹ್ನ ಹುರುಪಿನಲ್ಲಿ ಬಾನೆಟ್ಟಿನ ಎಡ ಅಂಚನ್ನು ಬೇಕಾದದ್ದಕ್ಕಿಂತ ಜೋರಾಗಿ ತಿಕ್ಕಿಬಿಟ್ಟೆ. ಕೈ ತೆಗೆದಾಗ ಜೋಳದ ಕಾಳಿನಷ್ಟು ಬೂದು ಚುಕ್ಕೆ. ಬಣ್ಣ ಹೋಗಿ ಅದರ ಕೆಳಗಿನ ಅಸ್ತರು ಕಾಣುತ್ತಿತ್ತು. ಚಾಚಾ ಹೇಳಿದ್ದು ಒಂದೇ ಎಚ್ಚರಿಕೆ, ಅದನ್ನೂ ಮರೆತಿದ್ದೆ. ನೆಲದ ಮೇಲೆ ಕುಕ್ಕರಿಸಿದೆ. ಗಂಡ ಸ್ಟೂಲಿನಿಂದ ಇಳಿದು ಬಂದು ನೋಡಿದರು.

"ಅಷ್ಟ ಹೌದಲ್ಲ? ಹಣೀಗೆ ವಿಭೂತಿ ಹಚ್ಚಿದಂಗ ಕಾಣತೈತಿ, ಬಿಡು."

ನನಗೆ ಅಳು ಬರುವುದರಲ್ಲಿತ್ತು, ನಗು ಬಂತು. ಅವರೇ ಚಾಚಾನ ಶೆಡ್ಡಿಗೆ ಹೋಗಿ, ಹಳೆಯ ಕೆಂಪಿಗೆ ಹೊಂದುವಂಥ ಬಣ್ಣವನ್ನು ಬಾಟಲಿಯ ಮುಚ್ಚಳದಲ್ಲಿ ಹಾಕಿಸಿಕೊಂಡು ಬಂದರು. ಬೆಂಕಿಕಡ್ಡಿಯ ತುದಿಯಿಂದ ಒಂದು ಹನಿ ಇಟ್ಟೆ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಎಲ್ಲ ಅಂಚುಗಳಿಗೂ ಮೊದಲು ಅಂಟುಪಟ್ಟಿ ಹಚ್ಚಿ, ಪಟ್ಟಿ ತೆಗೆದ ಮೇಲೆ ಬರೀ ಪಾಲಿಶ್ ಸವರಿದೆವು.

ಬಾಗಿಲುಗಳ ಕೆಲಸ ಹಗುರ, ಅವಕ್ಕೆ ಬಿಸಿಲು ಕಡಿಮೆ ತಾಗಿತ್ತು. ಹಿಂದಿನ ಡಿಕ್ಕಿಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದು ಕೊರೆದ ಎರಡು ಕಲೆ ಏನು ಮಾಡಿದರೂ ಪೂರ್ತಿ ಹೋಗಲಿಲ್ಲ. ಇರಲಿ ಎಂದು ಬಿಟ್ಟೆವು. ಓಣಿಯಲ್ಲಿ ಹೋಗುವವರು ಗೇಟಿನ ಹೊರಗೆ ನಿಂತು ನೋಡುತ್ತಿದ್ದರು. ಮೊದಲ ದಿನ ಒಬ್ಬರು "ಏನ್ರಿ ಟೀಚರ್, ಆಳು ಸಿಗಲಿಲ್ಲೇನ?" ಎಂದು ಕೇಳಿದ್ದರು. ಮೂರನೆಯ ದಿನ ಅವರೇ ಒಳಗೆ ಬಂದು ಬಾಗಿಲಿನ ಮೇಲೆ ತಮ್ಮ ಮುಖ ನೋಡಿಕೊಂಡು ಹೋದರು.

ಮೇಣ ಹಚ್ಚುವ ಕೆಲಸ ಆಯುಧಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ಬೆಳಗಿನವರೆಗೆ ಬಂತು. ಊರಿನವರೆಲ್ಲ ತಮ್ಮ ತಮ್ಮ ಗಾಡಿ, ಟ್ರ್ಯಾಕ್ಟರ್ ತೊಳೆದು ಚೆಂಡುಹೂವಿನ ಹಾರ ಹಾಕುತ್ತಿದ್ದರು. ನಾವಿನ್ನೂ ಕೊನೆಯ ಬಾಗಿಲಿನ ಮೇಣ ಒರೆಸುತ್ತಿದ್ದೆವು. ಭುಜ ಎತ್ತಲಾಗುತ್ತಿರಲಿಲ್ಲ. ಉಗುರುಗಳ ಸಂದಿಯಲ್ಲೆಲ್ಲ ಕೆಂಪು. ಅಷ್ಟರಲ್ಲಿ ಗೇಟಿನ ಸಪ್ಪಳವಾಯಿತು. ಮುದ್ದೇಬಿಹಾಳದವರು. ಇಂಡಿಯಲ್ಲಿ ಬೀಗರ ಮನೆಗೆ ಹಬ್ಬಕ್ಕೆ ಬಂದಿದ್ದರಂತೆ, ಹಾಗೇ ಗಾಡಿಯನ್ನೂ ಇನ್ನೊಮ್ಮೆ ನೋಡೋಣವೆಂದು ಬಂದಿದ್ದರು.

ಅವರು ಕಾರನ್ನು ದಾಟಿಕೊಂಡೇ ಬಂದು, ಅತ್ತಿತ್ತ ನೋಡಿದರು.

"ಹಬ್ಬದ ನಮಸ್ಕಾರ್ರಿ. ಆ ಗಾಡಿ ಎಲ್ಲೈತ್ರಿ ಅಕ್ಕಾರ? ಹೊಸಾದು ತಂದೇಬಿಟ್ರೇನು?"

ನನ್ನ ಗಂಡ ಸ್ಪಂಜು ಕೆಳಗಿಟ್ಟು, "ನಿಮ್ಮ ಮುಂದನ ಐತಲ್ರಿ" ಎಂದರು.

ಅವರು ನಂಬರ್ ಪ್ಲೇಟಿನ ಹತ್ತಿರ ಬಗ್ಗಿ, ಜೇಬಿನಿಂದ ಫೋನು ತೆಗೆದು ಹಿಂದಿನ ಸಲ ತೆಗೆದಿದ್ದ ಫೋಟೊ ಹುಡುಕಿ, ನಂಬರು ತಾಳೆ ನೋಡಿದರು. ಆಮೇಲೆ ಬಾನೆಟ್ಟಿನ ಮೇಲೆ ಅದೇ ತೋರುಬೆರಳು ಇಟ್ಟರು. ಬೆರಳು ಸರ್ರನೆ ಜಾರಿತು. ತುದಿ ನೋಡಿಕೊಂಡರು. ಸ್ವಚ್ಛವಾಗಿತ್ತು.

"ಎಲ್ಲಿ ಮಾಡ್ಸಿದ್ರಿ ಇದನ್ನ?"

"ಇಲ್ಲೇ ರೀ. ಈ ಪೋರ್ಚಿನ್ಯಾಗ."

ಅವರು ನನ್ನ ಕೆಂಪು ಉಗುರುಗಳನ್ನು ನೋಡಿದರು, ಲುಂಗಿಯುಟ್ಟ ನನ್ನ ಗಂಡನನ್ನು ನೋಡಿದರು. "ಈಗ ಒಯ್ಯಾಕೂ ನಾ ತಯಾರ ಅದೇನ್ರಿ. ನೀವು ಹೇಳಿದ ರೇಟಿಗೆ" ಎಂದರು.

ನಾನು ಗಂಡನ ಕಡೆ ನೋಡಿದೆ. ಮಾರುವ ಮಾತು ಅವರದೇ ಆಗಿತ್ತು, ಮಾತು ಕೊಟ್ಟವರೂ ಅವರೇ. ಅವರು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ, "ಗಾಡಿ ಅಕೀದು. ಅಕೀನ ಕೇಳ್ರಿ" ಎಂದರು.

ಹನ್ನೊಂದು ವರ್ಷದಲ್ಲಿ ಆ ಮಾತನ್ನು ಅವರು ಯಾರ ಮುಂದೆಯೂ ಅಂದಿರಲಿಲ್ಲ. ಅನ್ನುವ ಸಂದರ್ಭ ಬಂದಿರಲಿಲ್ಲ ಎನ್ನಿ. ನಾನು ಮುದ್ದೇಬಿಹಾಳದವರ ಕಡೆ ತಿರುಗಿದೆ.

"ಇಲ್ರಿ. ಕೊಡಂಗಿಲ್ಲ. ನಿಮ್ಮನ್ನ ಸುಮ್ನ ಎರಡ ಸಲ ತಿರುಗಾಡ್ಸಿದೆ, ಬ್ಯಾಸರ ಮಾಡ್ಕೋಬ್ಯಾಡ್ರಿ."

ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಾನಿದ್ರೂ ಕೊಡ್ತಿದ್ದಿಲ್ಲ ಬಿಡ್ರಿ" ಎಂದು ನಕ್ಕು, ಹೋಳಿಗೆ ತಿಂದು, ಹೋಗುವಾಗ ಕಾಂಪೌಂಡಿನ ಡಬ್ಬಿಯ ಫೋಟೊ ತೆಗೆದುಕೊಂಡು ಹೋದರು.

ಮರುದಿನ ದಶಮಿ. ಬನ್ನಿ ಎಲೆ ಕೊಟ್ಟು ಬರಲು ಪ್ರತಿ ವರ್ಷ ಬಸವನ ಬಾಗೇವಾಡಿಯ ನನ್ನ ಅಕ್ಕನ ಮನೆಗೆ ಹೋಗುತ್ತೇವೆ. ನಾನು ಸ್ಟಿಯರಿಂಗ್ ಹಿಡಿದೆ, ಪಕ್ಕದಲ್ಲಿ ಅತ್ತೆ, ಹಿಂದೆ ಗಂಡ. ತಾಂಬಾದಲ್ಲಿ ನಾನು ದಿನಾ ಚಹಾ ಕುಡಿಯುವ ಹೋಟೆಲಿನ ಮುಂದೆ ನಿಲ್ಲಿಸಿದರೆ, ಮಿರ್ಚಿ ಕರಿಯುತ್ತಿದ್ದವರು ಜಾಲರಿ ಸೌಟು ಎತ್ತಿಹಿಡಿದೇ ಹೊರಗೆ ಬಂದು, "ಟೀಚರ್, ಪೇಢಾ ಎಲ್ರಿ? ಹೊಸ ಗಾಡಿ ತಗೊಂಡು ಸುಮ್ನ ಹೊಂಟೀರಿ!" ಎಂದರು. ಅಲ್ಲಿಂದ ದೇವರ ಹಿಪ್ಪರಗಿಯ ದಾರಿ ಹಿಡಿದೆವು. ಎರಡೂ ಬದಿಗೆ ತೊಗರಿ ಸೊಂಪಾಗಿ ನಿಂತಿತ್ತು, ಹತ್ತಿ ಅಲ್ಲಲ್ಲಿ ಬಿರಿದಿತ್ತು. ಬಾನೆಟ್ಟಿನ ಮೇಲೆ ಮೋಡಗಳು ನಮ್ಮ ಕಡೆಗೇ ಉರುಳಿ ಬಂದು ಗಾಜಿನ ಕೆಳಗೆ ಮಾಯವಾಗುತ್ತಿದ್ದವು. ದಿನಾ ಓಡಾಡಿದ ದಾರಿಯಲ್ಲಿ ಅಂಥದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಅತ್ತೆಯೂ ಅದನ್ನೇ ನೋಡುತ್ತಿದ್ದರು.

"ಮೆಲ್ಲಕ ಹೊಡಿ" ಎಂದರು. "ಕಲ್ಲು ಸಿಡದಾವು."

ಬಾಗೇವಾಡಿಯಲ್ಲಿ ಅಕ್ಕನ ಗಂಡ ಗೇಟಿನಲ್ಲೇ ನಿಂತಿದ್ದರು. ನಿವೃತ್ತ ಹೆಡ್‌ಮಾಸ್ತರು. ಯಾವುದನ್ನು ತೋರಿಸಿದರೂ ಮೊದಲು ತಪ್ಪು ಹುಡುಕುವವರು. ನನ್ನ ಮದುವೆಯ ಕರೆಯೋಲೆಯಲ್ಲೂ ಎರಡು ಕಾಗುಣಿತದ ತಪ್ಪು ಹುಡುಕಿದ್ದರು. ಕನ್ನಡಕ ಮೂಗಿನ ತುದಿಗೆ ಇಳಿಸಿ ಕಾರಿನ ಸುತ್ತ ಒಂದು ಸುತ್ತು ಬಂದರು. ಎರಡನೆಯ ಸುತ್ತು ಶುರು ಮಾಡಿ, ಹಿಂದಿನ ಬಾಗಿಲಿನ ಹತ್ತಿರ ನಿಂತು, ಅದರಲ್ಲಿ ಕಂಡ ತಮ್ಮ ಬಿಳಿ ಟೋಪಿಯನ್ನು ಸರಿಮಾಡಿಕೊಂಡರು.

"ಯಾವ ಗ್ಯಾರೇಜಿನ್ಯಾಗ ಮಾಡ್ಸೀರಿ?"

ನಾನು ಬಾಯಿ ತೆರೆಯುವ ಮೊದಲೇ ಕಾರಿನೊಳಗಿಂದ ಅತ್ತೆಯ ದನಿ ಬಂತು.

"ಗ್ಯಾರೇಜ್ ನಮ್ಮ ಮನ್ಯಾಗ ಐತ್ರಿ. ಮೇಸ್ತ್ರಿ ಈಕೀನ."

ಅತ್ತೆ ನನ್ನನ್ನು ಇನ್ನೊಬ್ಬರ ಮುಂದೆ ಹೊಗಳಿದ್ದನ್ನು ಅವತ್ತಿನವರೆಗೆ ನಾನು ಕೇಳಿರಲಿಲ್ಲ. ಇಳಿಯಲು ಕೈ ಕೊಟ್ಟೆ. ಅವರು ನನ್ನ ಅಂಗೈ ಹಿಡಿದು, ಕೆಂಪಾದ ಉಗುರುಗಳನ್ನು ಅಕ್ಕನಿಗೆ ತೋರಿಸಿದರು, ಮದರಂಗಿ ತೋರಿಸುವ ಹಾಗೆ.

ಬನ್ನಿ ಕೊಟ್ಟು, ಕಾಲು ಮುಟ್ಟಿ, ಊಟ ಮಾಡಿದೆವು. ಮಾಸ್ತರು ಎಲೆ ಅಡಿಕೆ ಹಾಕಿಕೊಂಡು ಎದ್ದು ಹಿತ್ತಲಿಗೆ ಹೋಗಿ, ತಮ್ಮ ಹಳೆಯ ನೀಲಿ ಕಾರಿನ ಹೊದಿಕೆ ಎಳೆದು ತೆಗೆದರು. ಅದರ ಬಣ್ಣ ಒಗೆದೊಗೆದು ಬಿಳುಚಿದ ಯೂನಿಫಾರ್ಮಿನ ಹಾಗಿತ್ತು.

"ಇದಕ್ಕ ಆಗತೈತೇನು ನೋಡು."

ನಮ್ಮ ಕಾರಿನ ಡಿಕ್ಕಿಯಲ್ಲಿ ಉಳಿದ ಕಾಂಪೌಂಡು ಇತ್ತು. ಬಾಗಿಲಿನ ಮೇಲೆ ಚೌಕ ಕಟ್ಟಿ, ಸ್ಪಂಜನ್ನು ಅವರ ಕೈಗೇ ಕೊಟ್ಟೆ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ ಅದು; ಮನೆಯಲ್ಲಿ ಒಂದು ಲೋಟ ತೊಳೆದದ್ದನ್ನು ನೋಡಿಲ್ಲವೆಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಅವರು ತಿಕ್ಕತೊಡಗಿದರು. ಸ್ವಲ್ಪ ಹೊತ್ತಿಗೆ ಸ್ಪಂಜು ತಿರುಗಿಸಿ ನೋಡಿ ಗಾಬರಿಯಾದರು.

"ಏ, ನೀಲಿ ಬರಾಕತ್ತೈತಲ್ಲ! ಬಣ್ಣ ಹೊಂಟಿತು!"

"ಬರಬೇಕ್ರಿ ಮಾಮಾ. ನಿಲ್ಲಸಬ್ಯಾಡ್ರಿ."

"ಖರೇನ?"

"ಖರೇ. ಒತ್ತಬ್ಯಾಡ್ರಿ, ಹಗೂರಕ ಸುತ್ತರಿ."

ಅವರು ನಂಬಿದರು. ಟೋಪಿ ತೆಗೆದು ಅಕ್ಕನ ಕೈಗೆ ಕೊಟ್ಟು, ಅಂಗಿಯ ತೋಳು ಮಡಿಸಿ, ಮತ್ತೆ ಬಾಗಿದರು. ನಾನು ಪಕ್ಕದಲ್ಲಿ ಒಣ ಬಟ್ಟೆ ಹಿಡಿದು ನಿಂತೆ. ಅಕ್ಕ ಕುರ್ಚಿಗಳನ್ನು ಹಿತ್ತಲಿಗೇ ತಂದು ಹಾಕಿದಳು, ಅತ್ತೆ ಅವುಗಳಲ್ಲೊಂದನ್ನು ಕಾರಿನ ಹತ್ತಿರಕ್ಕೆ ಎಳೆದುಕೊಂಡು ಕೂತು, ಮಾಸ್ತರ ಕೈಯನ್ನೇ ನೋಡತೊಡಗಿದರು.